ರುಸ್ತಾಕಿಗೆ ಹೋದ ಛಾಪಾಕಾಗದ

ಒಮಾನಿನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಆಗ ಅಂಗಡಿ ಬಿಲ್ಲಿಗೂ ಟ್ಯಾಕ್ಸ್ ಇರಲಿಲ್ಲ. ಊರಿಂದ ಅಲ್ಲಿಗೆ ಹೋಗುವವರೆಲ್ಲ ಅದನ್ನೇ ಹೇಳಿಕೊಂಡು ಹೋಗುದು. ಊರಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ತಕೊಳ್ಳುವ ಕೆಲಸಕ್ಕೆ ಅಂಥ ದೇಶಕ್ಕೆ ಹೋದವಳು ಬಹುಶಃ ನಾನೊಬ್ಬಳೇ. ಇದು ತೊಂಬತ್ತರ ದಶಕದ ಶುರುವಿನ ಮಾತು.

ನಾನು ಉಡುಪಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತವಳು. ಕಾಲೇಜಿಗೆ ಹೋದವಳಲ್ಲ. ಆದ್ರೆ ಕೆಲಸ ಇಲ್ಲದ ಹೊತ್ತಿಗೆ ಬೇರೆ ಹುಡುಗಿಯರು ಕಾದಂಬರಿ ಓದಿದ ಹಾಗೆ ನಾನು ಸ್ಟಾಂಪ್ ಕಾಯ್ದೆ ಓದ್ತಿದ್ದೆ. ನಗಬೇಡಿ, ಅದ್ರಲ್ಲಿಯೂ ಕತೆ ಉಂಟು. ಮನೆ ಕೊಳ್ಳುವಾಗ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಲ್ಲ, ನಮ್ಮಲ್ಲಿ ಅದನ್ನು ಛಾಪಾಕಾಗದ ಕೊಂಡು ಕಟ್ಟುದು. ಆ ಕಾಗದದ ಮೇಲೆಯೇ ಕ್ರಯಪತ್ರ ಟೈಪ್ ಮಾಡುದು. ಪತ್ರ ಪೂರ್ತಿ ಆಗಲಿಲ್ಲ ಅಂತಾದ್ರೆ ಕಾಗದ ಒಪ್ಪಿಸಿ ತೆರಿಗೆ ವಾಪಸ್ ಕೇಳಬಹುದು. ಅದಕ್ಕೆ ಆರು ತಿಂಗಳ ಗಡುವು. ಆದ್ರೆ ಕಾಯ್ದೆಯ ಒಂದು ಮೂಲೆಯಲ್ಲಿ ಹೀಗೂ ಉಂಟು: ಸರಿಯಾದ ಕಾರಣಕ್ಕೆ ದೇಶದ ಹೊರಗೆ ಹೋದ ಕಾಗದ ಆದ್ರೆ, ಗಡುವು ಶುರುವಾಗುದು ಅದು ಭಾರತಕ್ಕೆ ವಾಪಸ್ ಬಂದ ಮೇಲೆ. ಈ ಸಾಲು ಕಣ್ಣಿಗೆ ಬಿದ್ದ ದಿನ ನಾನು ಬುತ್ತಿ ಬಿಚ್ಚಲಿಕ್ಕೇ ಮರೆತೆ.

ಯಾಕಂದ್ರೆ ಅಂಥದ್ದೊಂದು ಕಾಗದ ನಮ್ಮ ಕುಟುಂಬದಲ್ಲೇ ಇತ್ತು. ನನ್ನ ದೊಡ್ಡಮ್ಮನ ಮಗಳು ಜೆಸಿಂತಕ್ಕ ಒಮಾನಿನ ರುಸ್ತಾಕ್ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ವಿಕ್ಟರ್ ಭಾವ ಬುರೈಮಿಯಲ್ಲಿ ಕಟ್ಟಡ ಸಾಮಾನಿನ ಅಂಗಡಿಯ ಲೆಕ್ಕ ನೋಡಿಕೊಳ್ತಿದ್ರು, ವಾರದ ರಜೆಗೆ ಮಾತ್ರ ಮನೆಗೆ ಬರುದು. ಮಂಗಳೂರಲ್ಲಿ ಒಂದು ಫ್ಲ್ಯಾಟ್ ನೋಡಿದ್ರು. ಕ್ರಯಪತ್ರ ಟೈಪ್ ಆಗಿ ಭಾವನ ಸಹಿಗೆ ಅಂತ ಒಮಾನಿಗೆ ಹೋಯ್ತು. ಸಹಿ ಬೀಳುವ ಮೊದಲೇ ಭಾವ ತೀರಿಹೋದ್ರು.

ಅಕ್ಕ ತನ್ನ ಹೆಸರಿಗೆ ಮಾಡಿಕೊಳ್ಳುದಾದ್ರೆ ಅದೇ ಫ್ಲ್ಯಾಟ್ ಕೊಡ್ತೇನೆ ಅಂತ ಬಿಲ್ಡರ್ ಹೇಳಿದ್ದ. ಆದ್ರೆ ಹೊಸ ಹೆಸರಿಗೆ ಹೊಸ ಛಾಪಾಕಾಗದ ಬೇಕು, ಹಳೆಯ ತೆರಿಗೆ ಕೈಗೆ ಬಾರದೆ ಹೊಸತು ಕಟ್ಟಲಿಕ್ಕೆ ಅವಳ ಹತ್ತಿರ ದುಡ್ಡಿಲ್ಲ. ಅರ್ಜಿ ಹಾಕಿದ ರಸೀದಿ ತೋರಿಸಿದ್ರೆ ಬಿಲ್ಡರ್ ಕಾಯ್ತಾನೆ, ಇಲ್ಲದಿದ್ರೆ ಬೇರೆಯವರಿಗೆ ಮಾರ್ತಾನೆ. ಅಂದ್ರೆ ಕಾಗದ ಊರಿಗೆ ಬಂದ್ರೆ ಅಕ್ಕನಿಗೆ ಮನೆ ಉಂಟು, ಬಾರದಿದ್ರೆ ಇಲ್ಲ. ಕಳಿಸು ಅಂತ ನಾನು ಪತ್ರದ ಮೇಲೆ ಪತ್ರ ಬರೆದೆ. ಛಾಪಾಕಾಗದ ಬರಲಿಲ್ಲ. ಅಕ್ಕನಿಂದ ನನ್ನ ಹೆಸರಿಗೆ ಒಂದು ವಿಸಿಟ್ ವೀಸಾ ಬಂತು.

ಸೀಬ್ ವಿಮಾನ ನಿಲ್ದಾಣ

ನಾನು ಕನ್ನಡ ಟೈಪ್‌ರೈಟರ್ ಹೊತ್ತುಕೊಂಡೇ ಹೋದದ್ದು. ಅರ್ಜಿ ಕನ್ನಡದಲ್ಲಿ ಆಗಬೇಕು, ಒಮಾನಿನಲ್ಲಿ ಕನ್ನಡ ಟೈಪ್ ಮಾಡುವವರು ಯಾರಿದ್ದಾರೆ ಅಂತ ನನ್ನ ಲೆಕ್ಕ. ಬೊಂಬಾಯಿಯಲ್ಲಿ ಅದನ್ನು ನೋಡಿ ಒಬ್ಬರು, "ಹೊಲಿಗೆ ಮೆಷೀನಾ?" ಅಂತ ಕೇಳಿದ್ರು.

ಸೀಬಿನಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ತೆರೆಸಿದ. ಬಿಳೀ ಉದ್ದ ಅಂಗಿ, ತಲೆಗೆ ಕಸೂತಿ ಟೊಪ್ಪಿ, ನನ್ನಷ್ಟೇ ಪ್ರಾಯ ಇರಬೇಕು. ಊರಲ್ಲಿ ಕಸ್ಟಮ್ಸ್ ಅಂದ್ರೆ ಬೈಯುವವರು ಅಂತ ನಾನು ಕಂಡದ್ದು. ಇವನು ಒಂದೊಂದೇ ಕೀಲಿ ನೋಡಿದ, ಆಮೇಲೆ ಒಂದನ್ನು ಒತ್ತಿಯೇ ಬಿಟ್ಟ. ಕಾಗದ ಇರಲಿಲ್ಲ, ರೋಲರಿನ ಮೇಲೆ ಕುಟ್ ಅಂತು.

"ಇದು ಯಾವ ಭಾಷೆ?" ಅಂತ ಹಿಂದಿಯಲ್ಲೇ ಕೇಳಿದ. ಅಲ್ಲಿ ಎಲ್ಲರಿಗೂ ಅಷ್ಟಿಷ್ಟು ಹಿಂದಿ ಬರ್ತದೆ.

"ಕನ್ನಡ."

"ನನ್ನ ಹೆಸರು ಬರೀತದಾ? ಹಮದ್."

ನನ್ನ ಹಿಂದೆ ಇಡೀ ವಿಮಾನದ ಜನ ಸಾಲು ನಿಂತಿದ್ರು. ನಾನು ಒಂದು ಚೀಟಿ ಸಿಕ್ಕಿಸಿ ಹಮದ್ ಅಂತ ಹೊಡೆದು ಕೊಟ್ಟೆ. ಅವನು ಅದನ್ನು ತಲೆಕೆಳಗೆ ಹಿಡಿದು ನೋಡಿದ, ನಾನು ತಿರುಗಿಸಿ ಕೊಟ್ಟೆ. ಮಡಚಿ ಕಿಸೆಗೆ ಹಾಕಿ, "ಯಲ್ಲಾ, ಹೋಗು" ಅಂದ. ಅವನ ಹೆಸರು ನಮ್ಮ ಅಕ್ಷರದಲ್ಲಿ ಎಷ್ಟು ಸಲೀಸಾಗಿ ಕೂತಿತು ಅಂತ ಆಗ ಒಂಚೂರೂ ಯೋಚಿಸಲಿಲ್ಲ. ಅದು ತಲೆಗೆ ಬಂದದ್ದು ಆಮೇಲೆ.

ಹೊರಗೆ ಜೆಸಿಂತಕ್ಕ ನಿಂತಿದ್ದಳು. ಕಪ್ಪು ಸೀರೆಯಲ್ಲಿರ್ತಾಳೆ ಅಂತ ಹುಡುಕ್ತಿದ್ದೆ, ಡ್ಯೂಟಿ ಮುಗಿಸಿ ಬಂದ ಬಿಳೀ ಯೂನಿಫಾರ್ಮಿನಲ್ಲೇ ಇದ್ದಳು. ನನ್ನನ್ನು ತಬ್ಬಿಕೊಂಡು, ಟೈಪ್‌ರೈಟರಿನ ಪೆಟ್ಟಿಗೆ ನೋಡಿ, "ಎಂತ ಫ್ಲೇವಿ, ಆಫೀಸೇ ಹೊತ್ತುಕೊಂಡು ಬಂದ್ಯಾ?" ಅಂದಳು.

ರುಸ್ತಾಕ್

ರುಸ್ತಾಕ್ ಅಂದ್ರೆ ಬೋಳು ಗುಡ್ಡಗಳ ನಡುವಿನ ಊರು. ಹುಲ್ಲಿನ ಕಡ್ಡಿಯೂ ಇಲ್ಲದ ಗುಡ್ಡ, ಅದರ ಬುಡದಲ್ಲಿ ಖರ್ಜೂರದ ತೋಟ, ನಡುವೆ ಒಂದು ದೊಡ್ಡ ಕೋಟೆ. ನಮ್ಮೂರಲ್ಲಿ ನೀರು ಬೇಡ ಬೇಡ ಅಂದ್ರೂ ಅಂಗಳಕ್ಕೆ ನುಗ್ತದೆ. ಅಲ್ಲಿ ಗುಡ್ಡದಿಂದ ಕಲ್ಲಿನ ಸಣ್ಣ ಕಾಲುವೆ ಮಾಡಿ ನೀರನ್ನು ಮಗುವಿನ ಕೈ ಹಿಡಿದು ತರುವ ಹಾಗೆ ತರ್ತಾರೆ.

ಅಕ್ಕನ ಪಕ್ಕದ ಮನೆಯ ಹೆಂಗಸನ್ನು ಉಮ್ಮ್ ಸಯೀದ್ ಅಂತ ಕರೀತಾರೆ. ಸಯೀದನ ತಾಯಿ ಅಂತ ಅರ್ಥ. ನಾನು ಬಂದ ಮಾರನೇ ದಿನವೇ ಖಾವಾ, ಅಂದ್ರೆ ಅಲ್ಲಿನ ಹಾಲಿಲ್ಲದ ಕಾಫಿಯ ಹೂಜಿ, ಮತ್ತೆ ಖರ್ಜೂರ ಹಿಡಿದುಕೊಂಡು ಬಂದ್ರು. ಕಿವಿಯಿಲ್ಲದ ಸಣ್ಣ ಬಟ್ಟಲು. ನಾನು ಕುಡಿದು ಮುಗಿಸಿದ ಕೂಡ್ಲೇ ಮತ್ತೆ ಹೊಯ್ತಾರೆ. ಬೇಡ ಅಂದ್ರೆ ಬೇಜಾರಾಗ್ತದೆ ಅಂತ ಕುಡಿದೆ, ಮತ್ತೆ ಹೊಯ್ದರು. ಎದೆ ಡವಡವ ಅನ್ನಲಿಕ್ಕೆ ಶುರುವಾಯ್ತು.

"ಬಟ್ಟಲು ಅಲ್ಲಾಡಿಸು ಮಾರಾಯ್ತಿ," ಅಂದಳು ಅಕ್ಕ. "ಅಲ್ಲಾಡಿಸದಿದ್ರೆ ಅವರು ನಿಲ್ಲಿಸುದಿಲ್ಲ."

ಅಲ್ಲಾಡಿಸಿದೆ. ಉಮ್ಮ್ ಸಯೀದ್ ನಕ್ಕು ಹೂಜಿ ಕೆಳಗಿಟ್ರು. ಆಮೇಲೆ ಸುಮ್ಮನೆ ಕೂತ್ರು. ಸುಮಾರು ಹೊತ್ತು, ಮಾತಿಲ್ಲದೆ. ಆಮೇಲೆ ಅಕ್ಕನ ಮೊಣಕಾಲು ಮುಟ್ಟಿ ಎದ್ದು ಹೋದ್ರು. ಭಾವ ತೀರಿಹೋದ ಮೇಲೆ ದಿನಾ ಹೀಗೇ ಬರ್ತಾರಂತೆ. ಅವರ ಪೈಕಿ ಗಂಡ ಸತ್ತ ಹೆಂಗಸು ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಡುದಿಲ್ಲ. ಅಕ್ಕ ಬೇಗ ಡ್ಯೂಟಿಗೆ ಹೋದದ್ದು ಅವರಿಗೆ ಅರ್ಥ ಆಗಲಿಲ್ಲ, ಆದ್ರೆ ಕೇಳಲಿಲ್ಲ.

ಆ ಸಂಜೆ ನಾನು ಉತ್ಸಾಹದಲ್ಲಿ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟು ಅರ್ಜಿ ಹೊಡೆದೆ. ನಮ್ಮ ಅಂಗಡಿಯಲ್ಲಿ ಇಂಥ ಅರ್ಜಿಗೆ ಬಾಯಿಪಾಠದ ಒಂದು ಸಾಲುಂಟು. ಯಾರು ಬಂದ್ರೂ ಅದನ್ನೇ ಹೊಡೆಯುದು, ಬೆರಳಿಗೆ ಯೋಚನೆ ಬೇಡ. ಅಕ್ಕ ಕನ್ನಡಕ ಹಾಕಿ ಓದಿದಳು. ಆ ಸಾಲಿಗೆ ಬಂದು ನಿಂತಳು.

"ಖರೀದಿದಾರರು ಸದರಿ ಮನೆಯನ್ನು ಕೊಳ್ಳುವ ಉದ್ದೇಶವನ್ನು ಕೈಬಿಟ್ಟಿರುವುದರಿಂದ," ಅಂತ ಗಟ್ಟಿಯಾಗಿ ಓದಿದಳು. "ಯಾರು ಕೈಬಿಟ್ಟದ್ದು?"

"ಅದು ಹಾಗೆ ಬರೆಯುದು ಅಕ್ಕ. ಎಲ್ಲರೂ ಹಾಗೇ ಬರೆಯುದು."

"ವಿಕ್ಟರ್ ಕೈಬಿಟ್ರಾ?"

"ಇಲ್ಲ."

"ನಾನು ಕೈಬಿಟ್ಟೆನಾ?"

ಅವಳು ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು. "ಇದಕ್ಕೆ ನಾನು ಸಹಿ ಹಾಕುದಿಲ್ಲ ಫ್ಲೇವಿ. ಮನೆ ಹೋದ್ರೆ ಹೋಗ್ಲಿ."

ಅವಳು ಕುರ್ಚಿ ಎಳೆದು ಕೂತಳು. ಆಮೇಲೆ ಅವಳೇ ಹೇಳಿದಳು. ನಾವು ಮನೆಯಲ್ಲಿ ಮಾತಾಡುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ.

"ಕಾಗದ ಊರಿಂದ ಬಂದ ದಿನ ಅವರು ಪೆನ್ನು ತೆಗೆದಿದ್ರು. ನಾನು ಓದಿದೆ. ಅದ್ರಲ್ಲಿ ಅವರ ಹೆಸರು ಒಂದೇ. ನನ್ನ ನೈಟ್ ಡ್ಯೂಟಿಯ ದುಡ್ಡು ಬೇಕು, ಹೆಸರು ಬೇಡ್ವಾ ಅಂತ ಜಗಳ ಮಾಡಿದೆ. ಅವರು ಪೆನ್ನು ಮುಚ್ಚಿದ್ರು. 'ಸರಿ, ಬಿಲ್ಡರಿಗೆ ಬರೀತೇನೆ, ನಿನ್ನ ಹೆಸರೂ ಬರ್ಲಿ, ಆಮೇಲೆ ಇಬ್ಬರೂ ಸಹಿ ಹಾಕುವಾ' ಅಂದ್ರು. ಮುಂದಿನ ವಾರ ಬುರೈಮಿಯಿಂದ ಬರುವಾಗ ದಾರಿಯಲ್ಲಿ ಎದೆನೋವು ಬಂತು. ಪಿಕಪ್ಪನ್ನು ರಸ್ತೆ ಬದಿಗೆ ಹಾಕಿ, ಇಂಡಿಕೇಟರ್ ಕೂಡ ಹಾಕಿದ್ರಂತೆ. ನೋಡಿದವರು ಯಾರೋ ಮಲಗಿದ್ದಾರೆ ಅಂತ ತಿಳ್ಕೊಂಡು ಹೋದ್ರು." ಅವಳು ಕನ್ನಡಕ ತೆಗೆದಳು. "ನಾನು ಸುಮ್ಮನಿದ್ದಿದ್ರೆ ಸಹಿ ಆಗ್ತಿತ್ತು. ಈಗ ನಾವು ಕೈಬಿಟ್ಟೆವು ಅಂತ ಬರೆಯುದಾ?"

ನಾನು ಎದ್ದು ಬ್ಯಾಗಿನಿಂದ ಕಾಯ್ದೆ ಪುಸ್ತಕ ತಂದೆ. ಬಾಯಿಪಾಠದ ಸಾಲು ಬೆರಳಲ್ಲಿತ್ತು, ಅದರ ಹತ್ತಿರವೇ ಇದ್ದ ಬೇರೆ ಸಾಲು ನಾನು ಯಾವತ್ತೂ ಟೈಪ್ ಮಾಡಿದ್ದೇ ಇಲ್ಲ. ಹೊಸ ಹಾಳೆ ಸಿಕ್ಕಿಸಿ ಹೊಡೆದೆ: ಸಹಿ ಹಾಕಬೇಕಾದ ವ್ಯಕ್ತಿಯು ಸಹಿ ಹಾಕುವ ಮೊದಲೇ ಮರಣ ಹೊಂದಿರುವುದರಿಂದ ಪತ್ರವನ್ನು ಪೂರ್ತಿಗೊಳಿಸಲು ಸಾಧ್ಯವಾಗಿರುವುದಿಲ್ಲ.

ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಓದಿದಳು. ಮತ್ತೆ ಓದಿದಳು.

"ಇದು ನೀನು ಮಾಡಿದ ಸಾಲಾ?"

"ಅಲ್ಲ ಅಕ್ಕ. ಕಾಯ್ದೆಯಲ್ಲಿ ಮೊದಲಿಂದ ಉಂಟು."

"ಅಂದ್ರೆ ಹೀಗೆ ಬೇರೆಯವರಿಗೂ ಆಗಿದೆ."

"ಆಗಿರ್ಬೇಕು. ಅದಕ್ಕೇ ಬರೆದಿಟ್ಟದ್ದು."

ಅವಳು ಆ ಹಾಳೆಯನ್ನು ಟೈಪ್‌ರೈಟರಿನ ಪಕ್ಕ ಇಟ್ಟಳು. ಆಮೇಲೆ ಕಪಾಟು ತೆರೆದು, ಯೂನಿಫಾರ್ಮುಗಳ ಅಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಛಾಪಾಕಾಗದ ತೆಗೆದು ನನ್ನ ಮುಂದಿಟ್ಟಳು.

ರೂವಿ

ಸಾಲು ಬದಲಾದ್ದರಿಂದ ಕೆಲಸ ಹೆಚ್ಚಾಯ್ತು. ಕೈಬಿಟ್ಟೆವು ಅಂದಿದ್ರೆ ಯಾರೂ ಸಾಕ್ಷಿ ಕೇಳುದಿಲ್ಲ. ಸತ್ತಿದ್ದಾರೆ ಅಂದ್ರೆ ಮರಣಪತ್ರ ಬೇಕು. ಅದು ಇದ್ದದ್ದು ಅರಬಿಯಲ್ಲಿ. ಇಂಗ್ಲಿಷಿಗೆ ಭಾಷಾಂತರ ಮಾಡಿಸಿ, ಅಕ್ಕ ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಎದುರು ಅರ್ಜಿಗೆ ಸಹಿ ಹಾಕಬೇಕು. ಮಸ್ಕತ್ತಿಗೆ ಹೋಗಲೇಬೇಕಾಯ್ತು.

ಶೇರ್ ಟ್ಯಾಕ್ಸಿಯಲ್ಲಿ ಹೋದೆವು. ಜನ ತುಂಬುವ ತನಕ ಹೊರಡುದಿಲ್ಲ, ಅದು ನಮ್ಮ ಸರ್ವಿಸ್ ಕಾರಿನ ಹಾಗೆಯೇ. ಆದ್ರೆ ಇಬ್ಬರು ಹೆಂಗಸರಿದ್ದಾರೆ ಅಂತ ಹಿಂದಿನ ಸೀಟನ್ನು ಪೂರ್ತಿ ನಮಗೇ ಬಿಟ್ಟು, ಮುಂದೆ ಇಬ್ಬರು ಗಂಡಸರು ಒಬ್ಬರ ಮೇಲೊಬ್ಬರು ಕೂತ್ರು. ನಮ್ಮಲ್ಲಿ ಹಾಗೆ ಸೀಟು ಬಿಟ್ಟವರನ್ನು ನಾನು ಕಂಡಿಲ್ಲ.

ನಾನು ಊರಿನ ಲೆಕ್ಕದಲ್ಲಿ ಗುರುವಾರ ಹೊರಡಿಸಿದ್ದೆ, ನೈಟ್ ಡ್ಯೂಟಿ ಮುಗಿಸಿ ಬಂದ ಅಕ್ಕನಿಗೂ ಅದು ಯಾವ ವಾರ ಅಂತ ಹೊಳೆಯಲಿಲ್ಲ. ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆ. ಅಕ್ಕ ಬೈಯಲಿಲ್ಲ. "ಹೇಗೂ ಬಂದಾಯ್ತು, ಪೂಜೆಗೆ ಹೋಗುವಾ," ಅಂದಳು. ಶುಕ್ರವಾರ ಮಸ್ಕತ್ತಿನ ರೂವಿ ಪೇಟೆಯ ಇಗರ್ಜಿಯಲ್ಲಿ ಭಾನುವಾರದ ಪೂಜೆ. ಪಾದ್ರಿಯವರು ಭಾನುವಾರ ಅಂದ್ರು, ಹೊರಗೆ ಶುಕ್ರವಾರದ ನಮಾಜಿನ ಬಾಂಗ್ ಕೇಳ್ತಿತ್ತು. ಪೂಜೆ ಮುಗಿದ ಮೇಲೆ ಮಂಗಳೂರು ಕಡೆಯ ಹೆಂಗಸರು ಅಕ್ಕನನ್ನು ಸುತ್ತುಗಟ್ಟಿದ್ರು. ಕಂಪೆನಿ ಎಂತ ಕೊಟ್ಟಿತು, ವೀಸಾ ಕೊಟ್ಟ ಕಫೀಲ್ ಟಿಕೆಟ್ ಕೊಟ್ಟನಾ, ಗಂಡನ ಮನೆಯವರು ಎಂತ ಹೇಳ್ತಾರೆ. ನನಗೆ ಉಮ್ಮ್ ಸಯೀದ್ ನೆನಪಾದ್ರು. ಅಕ್ಕ ಎಲ್ಲದಕ್ಕೂ ಹೂಂ ಅಂದು ನನ್ನ ಕೈ ಹಿಡಿದು ಎಳೆದಳು.

ಭಾಷಾಂತರದ ಅಂಗಡಿ ತೆರೆದದ್ದು ಶನಿವಾರ. ಸುಡಾನಿನ ಒಬ್ಬರು ಹಿರಿಯರು, ದಪ್ಪ ಕನ್ನಡಕ, ಮೇಜಿನ ತುಂಬ ಸೀಲುಗಳು. ಮೊದಲು ಬೇರೆಯವರದ್ದೊಂದು ಅರಬಿ ಕಾಗದ ಹೊಡೀತಿದ್ರು, ನಾನು ಅಲ್ಲಿ ಕೂತು ನೋಡಿದೆ. ಅರಬಿ ಟೈಪ್‌ರೈಟರಿನ ಗಾಡಿ ನಮ್ಮದಕ್ಕೆ ಉಲ್ಟಾ ಓಡ್ತದೆ, ನೋಡ್ತಾ ನೋಡ್ತಾ ತಲೆ ತಿರುಗ್ತದೆ. ಅದು ಮುಗಿಸಿ, ಪಕ್ಕದ ಇಂಗ್ಲಿಷ್ ಮೆಷೀನಿನಲ್ಲಿ ನಮ್ಮದನ್ನು ಹೊಡೆದು ಹಾಳೆ ಹೊರಗೆಳೆದು, ಸೀಲ್ ಒತ್ತಿ, "ಖಲಾಸ್, ಮೇಡಂ" ಅಂದ್ರು.

ನಾನು ಅಕ್ಕನ ಮುಖ ನೋಡಿದೆ. ನಮ್ಮೂರಲ್ಲಿ ಖಲಾಸ್ ಅಂದ್ರೆ ಸತ್ತ ಅಂತ, ಅದೂ ಮರ್ಯಾದೆ ಇಲ್ಲದೆ ಹೇಳುವ ಮಾತು. ಮರಣಪತ್ರ ಕೈಯಲ್ಲಿ ಹಿಡಿದು ಹಾಗನ್ನುದಾ? ಅಕ್ಕ ಮೆಲ್ಲ ಹೇಳಿದಳು: "ಇಲ್ಲಿ ಅದಕ್ಕೆ ಕೆಲಸ ಆಯ್ತು ಅಂತ ಮಾತ್ರ ಅರ್ಥ."

ಹಾಳೆ ತಕೊಂಡು ನೋಡಿದೆ. ಹೆಸರಿನ ಜಾಗದಲ್ಲಿ ಫಿಕ್ತೂರ್ ಬಿಂತೂ ಅಂತ ಇತ್ತು.

ಛಾಪಾಕಾಗದದಲ್ಲಿ ಇರುದು ವಿಕ್ಟರ್ ಪಿಂಟೊ. ಮಂಗಳೂರಿನ ಆಫೀಸಲ್ಲಿ ಅಕ್ಷರ ಒಂದು ಹೆಚ್ಚುಕಮ್ಮಿ ಆದ್ರೂ ಅರ್ಜಿ ಹಿಂದೆ ಬರ್ತದೆ, ಇಲ್ಲಿ ಇಡೀ ಮನುಷ್ಯನೇ ಬೇರೆ. ನಾನು ಆ ಹಿರಿಯರಿಗೆ ತೋರಿಸಿದೆ. ಅವರು ಅರಬಿ ಪತ್ರದ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಹೇಳಿದ್ರು: "ಬೇಟಿ, ಆಸ್ಪತ್ರೆಯವರು ಹೀಗೇ ಬರೆದಿದ್ದಾರೆ. ನಮ್ಮ ಅಕ್ಷರದಲ್ಲಿ ನಿಮ್ಮ ವ ಇಲ್ಲ, ಪ ಇಲ್ಲ. ನಮ್ಮ ನಾಲಿಗೆಗೆ ಇದೇ ವಿಕ್ಟರ್."

ಅಕ್ಕ ನನ್ನ ಕೈಯಿಂದ ಹಾಳೆ ತಕೊಂಡಳು.

"ಈ ಫಿಕ್ತೂರ್ ಯಾರು ಫ್ಲೇವಿ?"

"ಭಾವನೇ ಅಕ್ಕ. ಅಕ್ಷರ ಇಲ್ಲದ್ದಕ್ಕೆ..."

"ಅಲ್ಲ. ಇವನು ನನಗೆ ಗೊತ್ತಿಲ್ಲ." ಅವಳ ಬಾಯಿಯ ಮೂಲೆ ಅಲುಗಿತು. "ಫಿಕ್ತೂರ್ ಬಿಂತೂ ಸತ್ತಿದ್ದಾನೆ ಅಂತ ಬರೆದಿದ್ದಾರೆ. ಪಾಪ. ವಿಕ್ಟರ್ ಪಿಂಟೊ ಸತ್ತದ್ದು ಎಲ್ಲಿ ಬರೆದದ್ದುಂಟು?"

ಅವಳು ನಗಲಿಕ್ಕೆ ಶುರು ಮಾಡಿದಳು. ಒಮಾನಿಗೆ ಬಂದ ಮೇಲೆ ನಾನು ಅವಳ ನಗು ಕೇಳಿದ್ದು ಅದೇ ಮೊದಲು. ನನಗೂ ನಗು ಬಂತು, ಆ ಹಿರಿಯರಿಗೂ ಬಂತು, ಎಂತಕ್ಕೆ ಅಂತ ಅವರಿಗೆ ಗೊತ್ತಿಲ್ಲ. ನಗ್ತಾ ನಗ್ತಾ ಅವಳು ಮೇಜಿಗೆ ತಲೆಯಿಟ್ಟಳು. ಮತ್ತೆ ಎತ್ತಿದಾಗ ಮುಖ ಪೂರ್ತಿ ಒದ್ದೆ. ಹಿರಿಯರು ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟು, ನಮ್ಮ ಕಡೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತ್ರು.

ಅಕ್ಕ ನೀರು ಕುಡಿದು, ಕೈಚೀಲದಿಂದ ಭಾವನ ಪಾಸ್‌ಪೋರ್ಟ್ ತೆಗೆದಳು. "ಚಾಚಾ, ಇದನ್ನು ನೋಡಿ ಸರಿ ಹೆಸರು ಹಾಕಿ. ಇವರೇ ತೀರಿಹೋದದ್ದು."

ಅವರು ಪಾಸ್‌ಪೋರ್ಟಿನಲ್ಲಿರುವ ಪ್ರಕಾರ ವಿಕ್ಟರ್ ಪಿಂಟೊ ಅಂತ ಕೆಳಗೆ ಒಂದು ಸಾಲು ಸೇರಿಸಿ ಮತ್ತೆ ಸೀಲ್ ಒತ್ತಿದ್ರು. ಈ ಸಲ ಖಲಾಸ್ ಅನ್ನಲಿಲ್ಲ.

ರಾಯಭಾರ ಕಚೇರಿಯ ಅಧಿಕಾರಿ ಉತ್ತರ ಭಾರತದ ಕಡೆಯವರು. ಅರ್ಜಿ ನೋಡಿ, "ನನಗೆ ಈ ಲಿಪಿ ಓದಲಿಕ್ಕೆ ಬರುದಿಲ್ಲ, ಇದರಲ್ಲಿ ಎಂತ ಉಂಟು ಅಂತ ನೀವೇ ಹೇಳಿ," ಅಂದ್ರು. ನಾನು ಬಾಯಿ ತೆರೆದೆ, ಅವರು ಕೈ ಅಡ್ಡ ಹಿಡಿದ್ರು. ಸಹಿ ಹಾಕುವವರೇ ಹೇಳಬೇಕು.

ಅಕ್ಕ ನೆಟ್ಟಗೆ ನಿಂತು ಹೇಳಿದಳು. "ನನ್ನ ಗಂಡ ವಿಕ್ಟರ್ ಪಿಂಟೊ ಮನೆಯ ಪತ್ರಕ್ಕೆ ಸಹಿ ಹಾಕುವ ಮೊದಲೇ ತೀರಿಹೋದ್ರು. ಅದಕ್ಕೆ ಪತ್ರ ಪೂರ್ತಿ ಆಗಲಿಲ್ಲ. ಕಟ್ಟಿದ ತೆರಿಗೆ ವಾಪಸ್ ಕೊಡಿ ಅಂತ ಬರೆದದ್ದು."

ಅವರು ತಲೆ ಅಲ್ಲಾಡಿಸಿ ಪೆನ್ನನ್ನು ಅವಳ ಕಡೆ ತಿರುಗಿಸಿ ಇಟ್ರು. ಅಕ್ಕ ಸಹಿ ಹಾಕಿದಳು.

ಮತ್ತೆ ರುಸ್ತಾಕ್

ಹೊರಡುವ ದಿನ ಉಮ್ಮ್ ಸಯೀದ್ ಹಲ್ವದ ಡಬ್ಬಿ ಕೊಟ್ಟು, ನನ್ನ ಮುಂದೆ ಖಾಲಿ ಬಟ್ಟಲು ಅಲ್ಲಾಡಿಸಿ ತಮಾಷೆ ಮಾಡಿದ್ರು. ನಾನು ಬಂದದ್ದು ಯಾಕೆ, ಹೋಗುದು ಯಾಕೆ ಅಂತ ಕೊನೆಗೂ ಕೇಳಲಿಲ್ಲ.

ಅಕ್ಕ ಛಾಪಾಕಾಗದದ ಕೊನೆಯ ಹಾಳೆ ತೆರೆದು ನೋಡಿದಳು. ಕೆಳಗೆ ಖರೀದಿದಾರರ ಸಹಿ ಅಂತ ಇತ್ತು, ಮುಂದೆ ಖಾಲಿ.

"ಇದನ್ನು ಅಲ್ಲಿ ಎಂತ ಮಾಡ್ತಾರೆ?"

"ರದ್ದು ಅಂತ ಸೀಲ್ ಒತ್ತಿ ತೂತು ಹೊಡೀತಾರೆ. ಮತ್ತೆ ಯಾರೂ ಉಪಯೋಗಿಸಬಾರ್ದಲ್ಲ."

"ತೂತು ಎಲ್ಲಿ? ಹೆಸರಿನ ಮೇಲಾ?"

ಕಾಯ್ದೆಯಲ್ಲಿ ಅದು ಇರಲಿಲ್ಲ. "ಗೊತ್ತಿಲ್ಲ ಅಕ್ಕ," ಅಂದೆ. "ನಾನು ಹತ್ತಿರ ನಿಂತು ನೋಡ್ತೇನೆ."

"ಇಲ್ಲಿ ಎಷ್ಟು ವರ್ಷ ಇದ್ರೂ ಒಂದು ಗೋಡೆ ನಮ್ಮದಾಗುದಿಲ್ಲ ಫ್ಲೇವಿ," ಅಂದಳು ಕಾಗದ ಸುತ್ತುತ್ತಾ. "ಕೆಲಸ ಮುಗಿದ ದಿನ ಹೊರಡಬೇಕು. ಹೊರಟ ಮೇಲೆ ಹೋಗಲಿಕ್ಕೆ ಒಂದು ಬಾಗಿಲಿರಲಿ ಅಂತ ಅವರು ಹೇಳ್ತಿದ್ರು." ಪ್ಲಾಸ್ಟಿಕ್ ಕಟ್ಟಿ ನನ್ನ ಕೈಯಲ್ಲಿಟ್ಟಳು. ನಾನು ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ. ಬೊಂಬಾಯಿ ತನಕ ಮಡಿಲಲ್ಲೇ ಇಟ್ಟುಕೊಂಡೆ.

ಮಂಗಳೂರು

ಸ್ಟಾಂಪ್ ಆಫೀಸಿನ ಗುಮಾಸ್ತ ಗಡುವು ಮುಗಿದಿದೆ ಅಂತ ಅರ್ಜಿಯನ್ನು ನೋಡದೆಯೇ ದೂಡಿದ. ನಾನು ಪುಸ್ತಕ ತೆರೆದು ದೇಶದ ಹೊರಗೆ ಹೋದ ಕಾಗದದ ಸಾಲು ತೋರಿಸಿದೆ, ವಾಪಸ್ ಬಂದ ತಾರೀಕಿಗೆ ನನ್ನ ಪಾಸ್‌ಪೋರ್ಟಿನ ಸೀಲ್ ತೋರಿಸಿದೆ. ಅವನು ಒಳಗೆ ಹೋಗಿ ಸಾಹೇಬರ ಹತ್ತಿರ ಕೇಳಿಕೊಂಡು ಬಂದ. ಬಂದು ರಸೀದಿ ಬರೆದ. ಬಿಲ್ಡರ್ ಆ ರಸೀದಿ ನೋಡಿ ಕಾಯ್ತೇನೆ ಅಂದ.

ಅರ್ಜಿ ಮಂಜೂರಾಗಲಿಕ್ಕೆ ಬಹಳ ಸಮಯ ಹಿಡಿಯಿತು. ರದ್ದು ಮಾಡುವ ದಿನ ನಾನು ಹತ್ತಿರ ನಿಂತಿದ್ದೆ. ಗುಮಾಸ್ತ ಪಂಚಿಂಗ್ ಮೆಷೀನ್ ತಕೊಂಡು ಮೊದಲ ಹಾಳೆಯ ಹೆಸರಿನ ಹತ್ತಿರವೇ ತಂದ.

"ಅಲ್ಲಿ ಬೇಡ ಸರ್."

"ಎಲ್ಲಿ ಹೊಡೆದ್ರೆ ಎಂತ ತಂಗಿ?"

ನಾನು ಕೊನೆಯ ಹಾಳೆ ತೆರೆದು, ಸಹಿಯ ಖಾಲಿ ಜಾಗ ತೋರಿಸಿದೆ. ಅವನು ನನ್ನ ಮುಖ ನೋಡಿದ, ಕಾಗದ ನೋಡಿದ, ಅಲ್ಲೇ ಒತ್ತಿದ. ಮಿಕ್ಕ ಹಾಳೆಗಳಿಗೂ ಬರಹ ಇಲ್ಲದ ಜಾಗ ಹುಡುಕಿಯೇ ಒತ್ತಿದ.

ಅಕ್ಕ ರಜೆಗೆ ಬಂದಾಗ ಇಬ್ಬರೂ ಹೊಸ ಛಾಪಾಕಾಗದ ಕೊಳ್ಳಲಿಕ್ಕೆ ಹೋದೆವು. ಸ್ಟಾಂಪ್ ಮಾರುವವರು ಕಾಗದವನ್ನು ತಿರುಗಿಸಿ ಹಿಂದೆ ಕೊಳ್ಳುವವರ ಹೆಸರು ಬರೆಯುದು ಪದ್ಧತಿ. ಆ ಮುದುಕರು ಜೆಸಿಂತಾ ಪಿಂಟೊ ಅಂತ ಬರೆದು, ತಲೆ ಎತ್ತದೆ, "ಗಂಡನ ಹೆಸರು?" ಅಂದ್ರು.

"ವಿಕ್ಟರ್ ಪಿಂಟೊ," ಅಂದಳು ಅಕ್ಕ. "ವಕಾರ ಸರಿ ನೋಡಿ ಬರೀರಿ."

ಅವರು ಪೆನ್ನು ನಿಲ್ಲಿಸಿದ್ರು. "ವಿಕ್ಟರ್ ಅಂದ್ರೆ ವಿಕ್ಟರ್ ತಾನೇ ಅಮ್ಮ? ಬೇರೆ ಹೇಗೆ ಬರೀಲಿಕ್ಕುಂಟು?"

"ಒಮಾನಿನಲ್ಲಿ ಬೇರೆ ಬರೀತಾರೆ," ಅಂದಳು ಅಕ್ಕ, ಮತ್ತೆ ಅವರು ಬರೆದು ಮುಗಿಸುವ ತನಕ ಆ ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.